ಮಗ್ಗಿ ಹೇಳುತ್ತ ಓಡಿ



ನಮ್ಮ ಜತ್ತ ತಾಲೂಕಿನ ಯಾವ ಹಳ್ಳಿಯಲ್ಲಾದರೂ ಬೆಳಗಿನ ಐದು ಗಂಟೆಗೆ ಎದ್ದು ಹೊರಗೆ ಬನ್ನಿ. ಇನ್ನೂ ಕತ್ತಲೆ ಇರುತ್ತದೆ. ಹಾಲಿನ ಗಾಡಿ ಬಂದಿರುವುದಿಲ್ಲ. ಆದರೆ ಡಾಂಬರ ರಸ್ತೆಯ ಮೇಲೆ ದಪದಪ ಹೆಜ್ಜೆಯ ಸಪ್ಪಳ ಕೇಳುತ್ತದೆ. ಪೊಲೀಸ್ ಭರತಿಗೆ, ಮಿಲಿಟರಿ ಭರತಿಗೆ ತಯಾರಿ ನಡೆಸಿದ ಹುಡುಗರು, ಈಗೀಗ ಹುಡುಗಿಯರೂ, ಓಡುತ್ತಿರುತ್ತಾರೆ. ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಗಡಿಯಾರ. 1600 ಮೀಟರ್ ಓಡಬೇಕು, ನಿನ್ನೆಗಿಂತ ಇವತ್ತು ಎರಡು ಸೆಕೆಂಡು ಕಡಿಮೆ ಆಗಬೇಕು. ದಿನಾ ಜೋರಾಗಿ ಓಡಿದರೆ ದಿನಾ ಜೋರು ಬರುತ್ತದೆ ಅಂತ ಎಲ್ಲರ ಲೆಕ್ಕ.

ಕಳೆದ ವರ್ಷದವರೆಗೆ ನನ್ನ ಲೆಕ್ಕವೂ ಇದೇ ಆಗಿತ್ತು. ವಿಜ್ಞಾನ ಕಲಿಸುವ ನಾನು ಒಬ್ಬ ಹುಡುಗಿಗೆ ತಪ್ಪು ಹೇಳಿಕೊಟ್ಟೆ. ಅದನ್ನು ಮೊದಲು ಒಪ್ಪಿಕೊಂಡು ಮುಂದಿನ ಮಾತು ಹೇಳುತ್ತೇನೆ.

ಒಂಬತ್ತನೇ ಇಯತ್ತೆಯ ಹುಡುಗಿ. ತಾಲೂಕು ಕ್ರೀಡಾಕೂಟದಲ್ಲಿ 3000 ಮೀಟರ್ ಓಡಬೇಕೆಂದು ಆಸೆ. ಅವಳ ಅಣ್ಣ ಪೊಲೀಸ್ ಭರತಿಗೆ ಓಡುತ್ತಿದ್ದ. ಅವನ ಬೆನ್ನು ಹತ್ತಿ ಇವಳೂ ದಿನಾ ಮೂರು ಕಿಲೋಮೀಟರ್ ಓಡತೊಡಗಿದಳು. ನಿಧಾನದ ಮಾತೇ ಇಲ್ಲ, ಇದ್ದ ಶಕ್ತಿಯನ್ನೆಲ್ಲ ಹಾಕಿ ಓಡುವುದು. ಮೊದಲ ಹತ್ತು ದಿನ ಸಮಯ ಇಳಿಯಿತು. 14 ನಿಮಿಷ 10 ಸೆಕೆಂಡಿಗೆ ಬಂತು. ಆಮೇಲೆ ಅಲ್ಲಿಯೇ ನಿಂತಿತು. ಮೂರನೇ ವಾರಕ್ಕೆ ಹದಿನಾಲ್ಕೂವರೆ ನಿಮಿಷ ದಾಟಿತು.

“ಸರ್, ದಿನಾ ಜೀವ ಹೋಗೂ ಹಂಗ ಓಡಾಕತ್ತೀನ್ರಿ. ಆದ್ರೂ ಟೈಮ್ ಯಾಕ ಹೆಚ್ಚಿಗಿ ಆಗಾಕತ್ತೈತಿ?” ಅಂತ ಬಂದು ಕೇಳಿದಳು.

“ಇನ್ನೂ ಜೋರ್ ಹಾಕವಾ, ಮನಸ್ ಗಟ್ಟಿ ಮಾಡ್ಕೊ” ಅಂದೆ ನಾನು.

ಹಾಕಿದಳು. ಎಂಟು ದಿನಕ್ಕೆ ಮೊಣಕಾಲಿನ ಕೆಳಗೆ ಮುಂದಿನ ಎಲುಬು ನೋಯತೊಡಗಿತು. ಬೆರಳಿನಿಂದ ಒತ್ತಿದರೆ ಚೀರುವಷ್ಟು ನೋವು. ಡಾಕ್ಟರು ನೋಡಿ ಓಟ ನಿಲ್ಲಿಸು ಅಂದರು. ಕ್ರೀಡಾಕೂಟ ತಪ್ಪಿತು. ಅವಳ ತಾಯಿ ಶಾಲೆಗೇ ಬಂದು, “ಸರ್, ನಾಳಿಗಿ ಕಾಲ್ ಮುರಕೊಂಡ್ರ ಯಾರ್ ನೋಡೂವ್ರು? ಓಟ ಇಲ್ಲಿಗೇ ಸಾಕ್ರಿ” ಅಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಹುಡುಗಿ ಬಾಗಿಲ ಹಿಂದೆ ನಿಂತು ಅಳುತ್ತಿದ್ದಳು.

ಆವತ್ತಿನಿಂದ ನಾನು ಓಟದ ವಿಜ್ಞಾನ ಓದಲು ಕುಳಿತೆ. ಓದಿದ ಮೇಲೆ ತಿಳಿದದ್ದು ಇಷ್ಟು: ದೂರದ ಓಟದ ದೊಡ್ಡ ಓಟಗಾರರು ಹೆಚ್ಚಿನ ದಿನ ನಿಧಾನವಾಗಿಯೇ ಓಡುತ್ತಾರೆ. ಅದು ಮೈಗಳ್ಳತನ ಅಲ್ಲ, ಅದೇ ತರಬೇತಿಯ ಮುಖ್ಯ ಭಾಗ. ಯಾಕೆ ಅನ್ನುವುದನ್ನು ನೋಡೋಣ.

ಬೂಟಿನ ಕಾರಖಾನೆಯ ಗುರು

ನ್ಯೂಜಿಲೆಂಡ್ ದೇಶದ ಆಕ್ಲೆಂಡ್ ಊರಿನಲ್ಲಿ ಆರ್ಥರ್ ಲಿಡಿಯಾರ್ಡ್ ಎಂಬ ಮನುಷ್ಯನಿದ್ದ. ಹುಟ್ಟಿದ್ದು 1917ರಲ್ಲಿ. ಬೂಟು ತಯಾರಿಸುವ ಕಾರಖಾನೆಯಲ್ಲಿ ಕೆಲಸ. ತಾನು ಬಹಳ ಗಟ್ಟಿಮುಟ್ಟು ಅಂತ ತಿಳಿದುಕೊಂಡಿದ್ದ. ಒಂದು ದಿನ ಗೆಳೆಯನೊಬ್ಬ ಅವನನ್ನು ಐದು ಮೈಲಿ, ಅಂದರೆ ಸುಮಾರು ಎಂಟು ಕಿಲೋಮೀಟರ್, ಓಟಕ್ಕೆ ಕರೆದುಕೊಂಡು ಹೋದ. ಲಿಡಿಯಾರ್ಡ್ ತೇಕುತ್ತ ಸೋತುಹೋದ. ‘ನಾನು ಈಗಲೇ ಹೀಗಾದರೆ ಮುದುಕನಾದಾಗ ಹೇಗೆ?’ ಎಂಬ ಚಿಂತೆ ಹತ್ತಿತು.

ಅವನು ತನ್ನ ಮೈಯನ್ನೇ ಪ್ರಯೋಗಶಾಲೆ ಮಾಡಿಕೊಂಡ. ವರ್ಷಗಟ್ಟಲೆ ಬೇರೆ ಬೇರೆ ದೂರ, ಬೇರೆ ಬೇರೆ ವೇಗದಲ್ಲಿ ಓಡಿ ನೋಡಿದ. ಉಸಿರು ಕಟ್ಟದ ವೇಗದಲ್ಲಿ ಬಹಳ ದೂರ ಓಡಿ ಮೊದಲು ಪಾಯ ಹಾಕಬೇಕು, ಆಮೇಲೆ ಏರು ಹತ್ತುವುದು, ಕೊನೆಗೆ ವೇಗದ ಓಟ ಎಂಬುದು ಅವನಿಗೆ ಸಿಕ್ಕ ಉತ್ತರ. ದೇಹಕ್ಕೆ ತರಬೇತಿ ಕೊಡಿ, ಅದನ್ನು ಹಿಂಡಬೇಡಿ ಎಂಬುದು ಅವನ ಮಾತಿನ ಸಾರ. ಬೀದಿಯ ಹುಡುಗರು ಅವನ ಜೊತೆ ಓಡತೊಡಗಿದರು. ಅವರು ವಾರಕ್ಕೆ ನೂರು ಮೈಲಿ, ಅಂದರೆ 160 ಕಿಲೋಮೀಟರ್, ಓಡುತ್ತಿದ್ದರು. (ನೀವು ಅಷ್ಟು ಓಡಬೇಕಿಲ್ಲ, ಗಾಬರಿ ಬೇಡ. ಅವರು ಬೆಳೆದವರು. ವರ್ಷಗಟ್ಟಲೆ ಏರಿಸುತ್ತ ಅಲ್ಲಿಗೆ ಬಂದವರು.)

1960ರ ಸೆಪ್ಟೆಂಬರ್ 2. ರೋಮ್ ಒಲಿಂಪಿಕ್ಸ್. ಜಗತ್ತಿಗೆ ಹೆಚ್ಚು ಗೊತ್ತಿಲ್ಲದ 21 ವರ್ಷದ ಪೀಟರ್ ಸ್ನೆಲ್ 800 ಮೀಟರ್ ಓಟದಲ್ಲಿ ಬಂಗಾರ ಗೆದ್ದ. ಅದೇ ದಿನ ಮರ್ರೇ ಹಾಲ್ಬರ್ಗ್ 5000 ಮೀಟರ್ ಗೆದ್ದ. ಹಾಲ್ಬರ್ಗ್‌ನ ಎಡಗೈ ರಗ್ಬಿ ಆಟದ ಪೆಟ್ಟಿನಿಂದ ಸೊರಗಿಹೋಗಿತ್ತು. ಕೆಲವು ದಿನಗಳ ನಂತರ ಬ್ಯಾರಿ ಮಗೀ ಮ್ಯಾರಥಾನಿನಲ್ಲಿ ಕಂಚು ಪಡೆದ. ಮೂವರೂ ಲಿಡಿಯಾರ್ಡನ ಶಿಷ್ಯರು. 1964ರ ಟೋಕಿಯೋದಲ್ಲಿ ಸ್ನೆಲ್ 800 ಮತ್ತು 1500 ಮೀಟರ್ ಎರಡನ್ನೂ ಗೆದ್ದ.

ಇಲ್ಲಿ ಒಂದು ಸಂಶಯ ಬರಬೇಕು. 800 ಮೀಟರ್ ಅಂದರೆ ಎರಡು ನಿಮಿಷದ ಒಳಗಿನ ಓಟ. ಅದಕ್ಕೆ ಯಾಕೆ ಎರಡು ಎರಡು ತಾಸಿನ ನಿಧಾನದ ಓಟ? ಉತ್ತರ ನಿಮ್ಮ ಸ್ನಾಯುವಿನ ಒಳಗಿದೆ.

ಒಳಗೆ ಎರಡು ಒಲೆ

ನಿಮ್ಮ ಮನೆಯ ಕಟ್ಟಿಗೆ ಒಲೆಯನ್ನು ನೆನಪಿಸಿಕೊಳ್ಳಿ. ಗಾಳಿ ಚೆನ್ನಾಗಿ ಆಡಿದರೆ ಉರಿ ಸ್ವಚ್ಛ, ಹೊಗೆ ಕಡಿಮೆ. ಗಾಳಿಗೆ ಜಾಗ ಬಿಡದೆ ಕಟ್ಟಿಗೆ ತುರುಕಿದರೆ ಮನೆ ತುಂಬ ಹೊಗೆ.

ಸ್ನಾಯುವಿನಲ್ಲಿಯೂ ಹೆಚ್ಚುಕಡಿಮೆ ಹಾಗೆಯೇ. ಸ್ನಾಯು ಸಂಕುಚಿಸಲು ಎ.ಟಿ.ಪಿ. ಎಂಬ ಅಣು ಬೇಕು. ಅದನ್ನು ಮಾಡಲು ಎರಡು ದಾರಿ. ಗ್ಲೂಕೋಸನ್ನು ಆಕ್ಸಿಜನ್ ಇಲ್ಲದೆ ಒಡೆದರೆ ಒಂದು ಅಣುವಿನಿಂದ ಸಿಗುವುದು 2 ಎ.ಟಿ.ಪಿ. ಮಾತ್ರ, ಜೊತೆಗೆ ಲ್ಯಾಕ್ಟೇಟ್ ಉಳಿಯುತ್ತದೆ. ಅದೇ ಗ್ಲೂಕೋಸನ್ನು ಆಕ್ಸಿಜನ್ ಜೊತೆ ಪೂರ್ತಿ ಉರಿಸಿದರೆ ಸುಮಾರು 30 ಎ.ಟಿ.ಪಿ. ಉಳಿಯುವುದು ಇಂಗಾಲದ ಡೈಆಕ್ಸೈಡ್ ಮತ್ತು ನೀರು ಅಷ್ಟೇ. ಮೊದಲ ಒಲೆ ತಟ್ಟನೆ ಹತ್ತುತ್ತದೆ, ಆದರೆ ಬೇಗ ಬಸವಳಿಸುತ್ತದೆ. ಎರಡನೆಯದು ತುಸು ತಡ, ಆದರೆ ತಾಸುಗಟ್ಟಲೆ ಉರಿಯುತ್ತದೆ. ಅಲ್ಲದೆ ಕೊಬ್ಬನ್ನು ಉರಿಸಲು ಎರಡನೇ ಒಲೆಯೇ ಬೇಕು, ಮೊದಲನೆಯದರಲ್ಲಿ ಆಗುವುದಿಲ್ಲ.

ಈಗ ಓಟಗಳ ಲೆಕ್ಕ ಹಾಕೋಣ. ತರಬೇತಿ ಪಡೆದ ಓಟಗಾರರನ್ನು ಅಳೆದು ನೋಡಿದಾಗ, 800 ಮೀಟರ್ ಓಟದ ಶಕ್ತಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಆಕ್ಸಿಜನ್ ಒಲೆಯಿಂದಲೇ ಬರುತ್ತದೆ. 1500 ಮೀಟರಿನಲ್ಲಿ 80 ಪ್ರತಿಶತಕ್ಕಿಂತ ಹೆಚ್ಚು. 3000 ಮೀಟರಿನಲ್ಲಿ ಇನ್ನೂ ಹೆಚ್ಚು. ಅಂದರೆ ನಿಮ್ಮ ಅಣ್ಣನ ಭರತಿಯ 1600 ಮೀಟರ್ ಕೂಡ ಬಹುಪಾಲು ಎರಡನೇ ಒಲೆಯ ಓಟವೇ. ಆ ಒಲೆ ಸಣ್ಣದಿದ್ದರೆ ಎಷ್ಟು ಹಲ್ಲು ಕಚ್ಚಿದರೂ ಸಮಯ ಇಳಿಯುವುದಿಲ್ಲ.

ಒಲೆ ದೊಡ್ಡದಾಗುವುದು ಹೇಗೆ?

ನಿಧಾನದ ಓಟ ಈ ಒಲೆಯನ್ನು ಮೂರು ಕಡೆ ಬೆಳೆಸುತ್ತದೆ.

ಒಂದು, ಹೃದಯ. ಸುಮ್ಮನೆ ಕುಳಿತಾಗ ಬೆಳೆದವರ ಹೃದಯ ನಿಮಿಷಕ್ಕೆ ಸುಮಾರು 70 ಸಲ ಬಡಿಯುತ್ತದೆ. ಪ್ರತಿ ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತ. ಗುಣಿಸಿ: 4900 ಮಿಲಿಲೀಟರ್, ಸುಮಾರು ಐದು ಲೀಟರ್. ತಿಂಗಳುಗಟ್ಟಲೆ ಓಡಿದವರ ಹೃದಯದ ಕೋಣೆ ಹಿಗ್ಗಿ, ಒಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳುತ್ತದೆ. 100 ಮಿಲಿಲೀಟರ್ ತಳ್ಳಿದರೆ ಅದೇ ಐದು ಲೀಟರಿಗೆ 50 ಬಡಿತ ಸಾಕು. ದಿನದ ಲೆಕ್ಕ ನೀವೇ ಮಾಡಿ: 70 ಬಡಿತದ ಹೃದಯ ದಿನಕ್ಕೆ 1,00,800 ಸಲ, 50 ಬಡಿತದ ಹೃದಯ 72,000 ಸಲ. ಓಡುವಾಗ ಮಾತ್ರ ಅದೇ ದೊಡ್ಡ ಹೃದಯ ಸ್ನಾಯುಗಳಿಗೆ ಬಹಳ ಹೆಚ್ಚು ರಕ್ತ ಕಳಿಸುತ್ತದೆ. ಹೃದಯ ಹೀಗೆ ತುಂಬಿ ಬಡಿಯಲು ಜೀವ ಹೋಗುವ ಓಟ ಬೇಕಿಲ್ಲ, ಹಗುರ ಓಟದಲ್ಲಿಯೇ ಪ್ರತಿ ಬಡಿತದ ರಕ್ತ ಸಾಕಷ್ಟು ಏರಿರುತ್ತದೆ.

ಎರಡು, ಲೋಮನಾಳಗಳು. ಸ್ನಾಯುವಿನ ಎಳೆಗಳ ಸುತ್ತ ಕೂದಲಿಗಿಂತ ತೆಳ್ಳಗಿನ ರಕ್ತನಾಳಗಳ ಬಲೆ ಇರುತ್ತದೆ. ಓಟ ರೂಢಿಯಾದಂತೆ ಹೊಸ ನಾಳಗಳು ಬೆಳೆಯುತ್ತವೆ. ಹೊಲಕ್ಕೆ ಕಾಲುವೆ ಬಂದರೆ ಸಾಲದು, ಪ್ರತಿ ಸಾಲಿಗೂ ನೀರು ಹೋಗಬೇಕಲ್ಲ, ಹಾಗೆ.

ಮೂರು, ಮೈಟೋಕಾಂಡ್ರಿಯಾ. ಆಕ್ಸಿಜನ್ ಒಲೆ ಅಂತ ಹೇಳಿದೆನಲ್ಲ, ಅದು ಇರುವ ಜಾಗ ಇದೇ. 1967ರಲ್ಲಿ ಅಮೆರಿಕದ ಜಾನ್ ಹೊಲೋಜಿ ಎಂಬ ವಿಜ್ಞಾನಿ ಇಲಿಗಳನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿದ. ಸ್ವಲ್ಪ ಸ್ವಲ್ಪ ಏರಿಸುತ್ತ ಹನ್ನೆರಡು ವಾರ ತರಬೇತಿ ಕೊಟ್ಟ. ಓಡದ ಇಲಿಗಳ ಜೊತೆ ಹೋಲಿಸಿದಾಗ, ಓಡಿದ ಇಲಿಗಳ ಸ್ನಾಯುವಿನಲ್ಲಿ ಆಕ್ಸಿಜನ್ ಬಳಸುವ ಕಿಣ್ವಗಳ ಶಕ್ತಿ ಸುಮಾರು ಎರಡರಷ್ಟಾಗಿತ್ತು. ಸ್ನಾಯು ಬರೀ ದಪ್ಪವಾಗುವುದಿಲ್ಲ, ಒಳಗಿನ ಯಂತ್ರವನ್ನೂ ಹೆಚ್ಚಿಸಿಕೊಳ್ಳುತ್ತದೆ ಎಂದು ಇದರಿಂದ ತಿಳಿಯಿತು.

‘ಹಾಗಾದ್ರ ಜೋರಾಗಿ ಓಡಿದ್ರ ಇವೆಲ್ಲ ಬೆಳೆಯೂದಿಲ್ಲೇನ್ರಿ?’ ಅಂತ ಕೇಳಬಹುದು. ಬೆಳೆಯುತ್ತವೆ. ಆದರೆ ಜೋರಾಗಿ ಎಷ್ಟು ಹೊತ್ತು ಓಡಬಲ್ಲಿರಿ? ಹತ್ತು ನಿಮಿಷ, ಹದಿನೈದು ನಿಮಿಷ. ಮರುದಿನ ಮೈ ಕೈ ನೋವು. ಹಗುರವಾಗಿ ಓಡಿದರೆ ಅರ್ಧ ತಾಸು ಓಡಬಹುದು, ನಾಳೆ ಮತ್ತೆ ಓಡಬಹುದು. ತಿಂಗಳ ಕೊನೆಗೆ ಕೂಡಿಸಿ ನೋಡಿ, ಯಾವ ಮೊತ್ತ ದೊಡ್ಡದು?

ಎಲುಬು ತಡವಾಗಿ ಕಲಿಯುತ್ತದೆ

ನಮ್ಮ ಹುಡುಗಿಯ ಕಾಲು ಯಾಕೆ ನೋಯಿತು? ರಕ್ತ ಮತ್ತು ಸ್ನಾಯು ಕೆಲವು ವಾರಗಳಲ್ಲಿ ಹೊಸ ಕೆಲಸಕ್ಕೆ ಹೊಂದಿಕೊಳ್ಳುತ್ತವೆ. ಎಲುಬಿಗೆ ತಿಂಗಳುಗಳು ಬೇಕು. ಓಡುವಾಗ ಪ್ರತಿ ಹೆಜ್ಜೆಗೂ ನಮ್ಮ ತೂಕದ ಎರಡು ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. ಎಲುಬಿನಲ್ಲಿ ಬಹಳ ಸೂಕ್ಷ್ಮ ಸೀಳುಗಳು ಬರುತ್ತವೆ. ಅದು ಕೆಟ್ಟದ್ದಲ್ಲ. ದೇಹ ಹಳೆಯ ಎಲುಬನ್ನು ಕೆತ್ತಿ ತೆಗೆದು ಹೊಸದನ್ನು ತುಂಬಿ ಮೊದಲಿಗಿಂತ ಗಟ್ಟಿ ಮಾಡುತ್ತದೆ. ಆದರೆ ಗೌಂಡಿ ಗೋಡೆ ರಿಪೇರಿ ಮಾಡುವ ಮೊದಲೇ ದಿನಾ ಗುದ್ದಿದರೆ ಗೋಡೆ ಏನಾಗುತ್ತದೆ?

ನಿಮ್ಮ ವಯಸ್ಸಿನಲ್ಲಿ ಇನ್ನೊಂದು ವಿಷಯ ಇದೆ. ಎಲುಬುಗಳ ತುದಿಯಲ್ಲಿ ಇನ್ನೂ ಬೆಳೆಯುತ್ತಿರುವ ಮೆತ್ತಗಿನ ಪಟ್ಟಿ ಇರುತ್ತದೆ. ಅದಕ್ಕೇ ಓಡುವ, ಜಿಗಿಯುವ ಮಕ್ಕಳಿಗೆ ಮೊಣಕಾಲ ಚಿಪ್ಪಿನ ಕೆಳಗೆ ಅಥವಾ ಹಿಮ್ಮಡಿಯಲ್ಲಿ ನೋವು ಬರುವುದುಂಟು. ಎಲುಬಿನ ಒಂದೇ ಜಾಗದಲ್ಲಿ ನೋವು, ಒತ್ತಿದರೆ ಹೆಚ್ಚು, ಓಡಿದಷ್ಟೂ ಹೆಚ್ಚು ಅಂದರೆ ಅದು ಮನಸ್ಸು ಗಟ್ಟಿ ಮಾಡುವ ವೇಳೆ ಅಲ್ಲ. ನಿಲ್ಲಿಸಬೇಕು, ದೊಡ್ಡವರಿಗೆ ಹೇಳಬೇಕು, ಡಾಕ್ಟರಿಗೆ ತೋರಿಸಬೇಕು.

ಹಗುರ ಅಂದರೆ ಎಷ್ಟು ಹಗುರ?

ದುಬಾರಿ ಗಡಿಯಾರ ಬೇಡ. ನಿಮ್ಮ ಹತ್ತಿರ ಬಿಟ್ಟಿ ಯಂತ್ರ ಒಂದಿದೆ: ಬಾಯಿ. ಓಡುತ್ತ ಓಡುತ್ತ ಹದಿಮೂರರ ಮಗ್ಗಿ ಹೇಳಿ. ‘ಹದಿಮೂರೊಂದ್ಲೆ ಹದಿಮೂರು, ಹದಿಮೂರೆರಡ್ಲೆ ಇಪ್ಪತ್ತಾರು’ ಅಂತ ಒಂದೊಂದು ಸಾಲು ಸರಾಗ ಬಂದರೆ ವೇಗ ಸರಿ ಇದೆ. ‘ಹದಿಮೂ...’ ಅಂತ ನಡುವೆ ಉಸಿರು ಎಳೆದುಕೊಳ್ಳಬೇಕಾದರೆ ವೇಗ ಹೆಚ್ಚಾಯಿತು. ನಿಧಾನ ಮಾಡಿ. ನಿಧಾನ ಮಾಡಿದರೂ ಬರದಿದ್ದರೆ ನಡೆಯಿರಿ. ಮಗ್ಗಿ ಮರೆತಿದ್ದರೆ ಮಾತ್ರ ಅದು ಓಟದ ತಪ್ಪಲ್ಲ!

ಇದು ತಮಾಷೆಯಂತೆ ಕಂಡರೂ ಇದರ ಹಿಂದೆ ರಸಾಯನಶಾಸ್ತ್ರ ಇದೆ. ಅಡಿಗೆ ಸೋಡಾದ ಮೇಲೆ ನಿಂಬೆರಸ ಹಿಂಡಿದರೆ ಬುಸ್ ಅಂತ ನೊರೆ ಬರುತ್ತದೆ, ಹೌದಲ್ಲ? ಅದು ಇಂಗಾಲದ ಡೈಆಕ್ಸೈಡ್. ನಿಮ್ಮ ರಕ್ತದಲ್ಲಿಯೂ ಬೈಕಾರ್ಬೊನೇಟ್ ಇದೆ. ವೇಗ ಒಂದು ಮಿತಿ ದಾಟಿ ಮೊದಲನೇ ಒಲೆ ಜೋರಾದಾಗ ಸ್ನಾಯುವಿನಿಂದ ಆಮ್ಲ ರಕ್ತಕ್ಕೆ ಬರುತ್ತದೆ. ಬೈಕಾರ್ಬೊನೇಟ್ ಅದನ್ನು ತಣಿಸುತ್ತದೆ, ಹಾಗೆ ತಣಿಸುವಾಗ ಹೆಚ್ಚುವರಿ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಅದನ್ನು ಹೊರಗೆ ಹಾಕಲು ಮೆದುಳು ಉಸಿರಿನ ವೇಗ ಏರಿಸುತ್ತದೆ. ಉಸಿರಿಗೇ ಪುರುಸೊತ್ತು ಇಲ್ಲದಾಗ ಮಾತಿಗೆ ಎಲ್ಲಿಂದ ಬರಬೇಕು? ಮಗ್ಗಿ ತುಂಡಾಗುವುದು ಅಂದರೆ ರಕ್ತದಲ್ಲಿ ನಿಂಬೆ-ಸೋಡಾ ಶುರುವಾಯಿತು ಅಂತ ಅರ್ಥ.

ಇಲ್ಲಿಯೇ ಒಂದು ತಪ್ಪು ತಿಳುವಳಿಕೆ ತೆಗೆದುಹಾಕೋಣ. ‘ಮರುದಿನ ತೊಡೆ ನೋಯುವುದು ಲ್ಯಾಕ್ಟಿಕ್ ಆಮ್ಲ ತುಂಬಿದ್ದರಿಂದ’ ಅಂತ ಬಹಳ ಜನ ಹೇಳುತ್ತಾರೆ. ಅಲ್ಲ. ಓಟ ನಿಂತು ಒಂದು ತಾಸಿನ ಹೊತ್ತಿಗೆ ಲ್ಯಾಕ್ಟೇಟ್ ಬಹುತೇಕ ಖಾಲಿಯಾಗಿರುತ್ತದೆ. ಹೃದಯ ಮತ್ತು ಬೇರೆ ಸ್ನಾಯುಗಳು ಅದನ್ನು ಇಂಧನವಾಗಿ ಉರಿಸುತ್ತವೆ, ಅದು ವಿಷ ಅಲ್ಲ. ಮರುದಿನದ ನೋವು ಸ್ನಾಯುವಿನ ಎಳೆಗಳಿಗೆ ಆದ ಸಣ್ಣ ಸಣ್ಣ ಗಾಯಗಳಿಂದ. ಗಾಯಕ್ಕೆ ಬೇಕಾದದ್ದು ಊಟ, ನಿದ್ದೆ, ಸಮಯ.

ದೊಡ್ಡವರು ಏನು ಮಾಡುತ್ತಾರೆ?

ನಾರ್ವೆಯಲ್ಲಿ ಕೆಲಸ ಮಾಡುವ ಸ್ಟೀಫನ್ ಸೈಲರ್ ಎಂಬ ಶರೀರಶಾಸ್ತ್ರಜ್ಞ ಹಿಮದ ಮೇಲೆ ಜಾರುವವರು, ದೋಣಿ ಹುಟ್ಟು ಹಾಕುವವರು, ಓಟಗಾರರು ಹೀಗೆ ಅತ್ಯುತ್ತಮ ಕ್ರೀಡಾಪಟುಗಳ ತರಬೇತಿಯ ದಿನಚರಿಗಳನ್ನು ನೋಡಿದರು. ಆಟ ಬೇರೆ ಬೇರೆ, ಆದರೆ ಲೆಕ್ಕ ಹತ್ತಿರ ಹತ್ತಿರ ಒಂದೇ: ಐದು ಸಲ ತರಬೇತಿ ಮಾಡಿದರೆ ಸುಮಾರು ನಾಲ್ಕು ಸಲ ಹಗುರ, ಒಂದು ಸಲ ಜೋರು.

ಕೀನ್ಯಾದ ಎಲಿಯುಡ್ ಕಿಪ್ಚೋಗೆ 2022ರಲ್ಲಿ ಬರ್ಲಿನ್ ಮ್ಯಾರಥಾನನ್ನು 2 ತಾಸು 1 ನಿಮಿಷ 9 ಸೆಕೆಂಡಿನಲ್ಲಿ ಓಡಿದರು. ಅಂದರೆ ಪ್ರತಿ ಕಿಲೋಮೀಟರಿಗೆ 2 ನಿಮಿಷ 52 ಸೆಕೆಂಡು. ಹಗುರ ದಿನಗಳಲ್ಲಿ ಅವರೇ ಕಿಲೋಮೀಟರಿಗೆ ನಾಲ್ಕು ನಿಮಿಷಕ್ಕಿಂತ ನಿಧಾನವಾಗಿ ಓಡುತ್ತಾರೆ. ಜಗತ್ತಿನ ಅಂಥ ಓಟಗಾರನಿಗೇ ನಿಧಾನ ಓಡಲು ನಾಚಿಕೆ ಇಲ್ಲ. ನಮಗೆ ಯಾಕೆ?

ಹಗುರ ಓಟ ಬರೀ ಚಾಂಪಿಯನ್ನರಿಗೂ ಅಲ್ಲ. ಅದೇ ಲಿಡಿಯಾರ್ಡ್ 1960ರ ದಶಕದ ಆರಂಭದಲ್ಲಿ ಆಕ್ಲೆಂಡಿನಲ್ಲಿ ಹೃದಯಾಘಾತ ಆದವರನ್ನು ಕೂಡಿಸಿ ಮೆಲ್ಲಗೆ ಓಡಿಸಿದ. ಹೃದಯರೋಗಿ ಹಾಸಿಗೆ ಬಿಡಬಾರದು ಅನ್ನುವ ಕಾಲ ಅದು. ಅಮೆರಿಕದ ಓರೆಗಾನ್‌ನಿಂದ ಬಂದ ಕೋಚ್ ಬಿಲ್ ಬೋವರ್ಮನ್ ಅವರ ಜೊತೆ ಓಡಲು ಹೋಗಿ, ಎಪ್ಪತ್ತು ದಾಟಿದ ಮುದುಕನಿಗಿಂತಲೂ ಹಿಂದೆ ಬಿದ್ದ. ಊರಿಗೆ ಹಿಂತಿರುಗಿ ತನ್ನ ಜನರಿಗೂ ಅದನ್ನು ಕಲಿಸಿದ. ‘ಜಾಗಿಂಗ್’ ಅಮೆರಿಕದಲ್ಲಿ ಹಬ್ಬಿದ ಕತೆ ಹೀಗೆ.

ಇನ್ನು ನಮ್ಮ ಮಗ್ಗುಲಿನ ಸಾತಾರಾ ಜಿಲ್ಲೆಯ ಮಾತು. ಅಲ್ಲಿಯ ಮಾಣ ತಾಲೂಕು ನಮ್ಮ ಜತ್ತದ ಹಾಗೆಯೇ ಬರದ ನಾಡು. ಆ ತಾಲೂಕಿನ ಮೋಹಿ ಎಂಬ ಹಳ್ಳಿಯ ರೈತನ ಮಗಳು ಲಲಿತಾ ಬಾಬರ್ 2016ರ ರಿಯೋ ಒಲಿಂಪಿಕ್ಸಿನಲ್ಲಿ 3000 ಮೀಟರ್ ಸ್ಟೀಪಲ್‌ಚೇಸ್ ಫೈನಲ್ ತಲುಪಿ ಹತ್ತನೆಯವರಾದರು. ಅರ್ಹತಾ ಸುತ್ತಿನ ಅವರ 9 ನಿಮಿಷ 19.76 ಸೆಕೆಂಡು ಆಗಿನ ರಾಷ್ಟ್ರೀಯ ದಾಖಲೆ. 1984ರಲ್ಲಿ ಪಿ.ಟಿ. ಉಷಾ ಓಡಿದ ನಂತರ ಒಲಿಂಪಿಕ್ಸ್ ಟ್ರ್ಯಾಕಿನ ವೈಯಕ್ತಿಕ ಓಟದ ಫೈನಲ್‌ಗೆ ಭಾರತದ ಹೆಣ್ಣುಮಗಳು ಬಂದದ್ದು ಆಗಲೇ. ಮಳೆ ಕಡಿಮೆ ಇರುವ ನೆಲದಲ್ಲಿ ಓಟಗಾರರು ಬೆಳೆಯುವುದಿಲ್ಲ ಅಂತ ಯಾರೂ ಹೇಳುವಂತಿಲ್ಲ.

ನಾವು ಮಾಡಿದ್ದು

ಹುಡುಗಿಯ ತಾಯಿಯ ಹತ್ತಿರ ಹೋಗಿ ನಾನು ತಪ್ಪು ಒಪ್ಪಿಕೊಂಡೆ. “ಇನ್ನ ಮ್ಯಾಲ ಓಡಿದ್ರ ಮಗ್ಗಿ ಹೇಳ್ಕೋತ ಓಡ್ತಾಳ್ರಿ. ನೋವು ಬಂದ ದಿನ ನಾನ ನಿಲ್ಲಿಸ್ತೀನಿ” ಅಂದೆ. ಅವರು ತುಸು ಹೊತ್ತು ಸುಮ್ಮನಿದ್ದು, “ನೋಡೂಣ್ರಿ” ಅಂದರು. ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ.

ಡಾಕ್ಟರು ಆಗಬಹುದು ಅಂದ ಮೇಲೆ, ಮೊದಲ ತಿಂಗಳು ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆ, ಒಟ್ಟು ಇಪ್ಪತ್ತು ನಿಮಿಷ. ಡಾಂಬರ ಬಿಟ್ಟು ಹೊಲದ ಬದಿಯ ಮಣ್ಣಿನ ದಾರಿ. ವಾರಕ್ಕೆ ನಾಲ್ಕು ದಿನ. ನಂತರ ನಡಿಗೆ ಕಡಿಮೆ ಮಾಡುತ್ತ ಹೋದೆವು. ದೀಪಾವಳಿಯ ಹೊತ್ತಿಗೆ ಅರ್ಧ ತಾಸು ನಿಲ್ಲದೆ ಓಡುತ್ತಿದ್ದಳು, ಕಿಲೋಮೀಟರಿಗೆ ಏಳು ನಿಮಿಷದ ಲೆಕ್ಕದಲ್ಲಿ. ಸಂಕ್ರಾಂತಿ ಆದ ಮೇಲೆ ವಾರಕ್ಕೆ ಒಂದೇ ಒಂದು ದಿನ ಜೋರು ಓಟ ಸೇರಿಸಿದೆವು: 400 ಮೀಟರ್ ಜೋರು, ಆಮೇಲೆ ಉಸಿರು ಸರಿಯಾಗುವವರೆಗೆ ನಡಿಗೆ, ಹೀಗೆ ನಾಲ್ಕು ಸಲ. ಉಳಿದ ದಿನ ಮಗ್ಗಿ.

ಎಲ್ಲಕ್ಕಿಂತ ಕಷ್ಟದ್ದು ಯಾವುದು ಗೊತ್ತೇ? ನಿಧಾನ ಓಡುವುದೇ. ದಾರಿಯಲ್ಲಿ ಹುಡುಗರು, “ಏನವಾ, ಆಮಿ ನಡದಂಗ ಓಡ್ತಿ?” ಅಂತ ನಗುತ್ತಿದ್ದರು. ಅವಳ ಅಣ್ಣನೂ ನಕ್ಕ. ಅವಳು ಅವರಿಗೆ ಹದಿನೇಳರ ಮಗ್ಗಿ ಕೇಳಿಸುತ್ತ ಮುಂದೆ ಹೋಗುತ್ತಿದ್ದಳು.

ಊಟ, ನೀರು, ಬಿಸಿಲು

ಓಡಲು ಒಂದು ಕಿಲೋಮೀಟರಿಗೆ, ತೂಕದ ಪ್ರತಿ ಕಿಲೋಗ್ರಾಮಿಗೆ, ಸುಮಾರು ಒಂದು ಕಿಲೋಕ್ಯಾಲರಿ ಬೇಕು. 45 ಕಿಲೋ ತೂಕದವರು ನಾಲ್ಕು ಕಿಲೋಮೀಟರ್ ಓಡಿದರೆ 180. ಇದನ್ನು ದಿನದ ಊಟದ ಮೇಲೆ ಹೆಚ್ಚಾಗಿ ತಿನ್ನಬೇಕು, ಯಾಕೆಂದರೆ ನೀವು ಬೆಳೆಯುವ ವಯಸ್ಸಿನವರು. ಡಬ್ಬಿಯ ಪುಡಿ ಬೇಕಿಲ್ಲ. ಜೋಳದ ರೊಟ್ಟಿ, ಬೇಳೆ, ಮೊಳಕೆ ಕಾಳು, ಶೇಂಗಾ, ಮೊಸರು, ತಿನ್ನುವವರಿಗೆ ಮೊಟ್ಟೆ, ಇವೆಲ್ಲ ಒಳ್ಳೆಯ ಇಂಧನ.

ಹುಡುಗಿಯರಿಗೆ ಒಂದು ಮಾತು ವಿಶೇಷವಾಗಿ. ಆಕ್ಸಿಜನ್ ಹೊರುವ ಹಿಮೋಗ್ಲೋಬಿನ್‌ನಲ್ಲಿ ಕಬ್ಬಿಣ ಇರುತ್ತದೆ. ನಮ್ಮ ದೇಶದಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ರಕ್ತಹೀನತೆ ಇದೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಒಲೆ ಎಷ್ಟು ದೊಡ್ಡದಿದ್ದರೂ ಗಾಳಿ ತರುವ ಗಾಡಿಗಳೇ ಕಡಿಮೆ ಇದ್ದರೆ ಏನು ಮಾಡುವುದು? ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯನ್ನು ಕಿಟಕಿಯಿಂದ ಹೊರಗೆ ಎಸೆಯಬೇಡಿ (ಯಾರು ಎಸೆಯುತ್ತಾರೆ ಅಂತ ನನಗೆ ಗೊತ್ತು). ಸುಮ್ಮಸುಮ್ಮನೆ ಸುಸ್ತು, ಮೆಟ್ಟಿಲು ಹತ್ತಿದರೆ ತೇಕು ಇದ್ದರೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ.

ಓಡುವಾಗ ಉರಿಯುವ ಶಕ್ತಿಯ ಬಹುಪಾಲು, ಸುಮಾರು ನಾಲ್ಕರಲ್ಲಿ ಮೂರು ಪಾಲು, ಶಾಖವಾಗಿ ಹೋಗುತ್ತದೆ. ನಮ್ಮ ಭಾಗದ ಏಪ್ರಿಲ್-ಮೇ ಬಿಸಿಲಿನಲ್ಲಿ ಆ ಶಾಖ ಹೊರಗೆ ಹೋಗುವುದು ಕಷ್ಟ. ಬೆಳಗಿನ ತಂಪಿನಲ್ಲಿಯೇ ಓಟ ಮುಗಿಸಿ. ಓಡುವ ಮೊದಲು ಮತ್ತು ನಂತರ ನೀರು ಕುಡಿಯಿರಿ. ತಲೆ ತಿರುಗಿದರೆ, ಚಳಿ ಬಂದಂತಾದರೆ ಕೂಡಲೇ ನಿಂತು ನೆರಳಿಗೆ ಹೋಗಿ, ಮೈಗೆ ನೀರು ಹಾಕಿಕೊಳ್ಳಿ, ಯಾರನ್ನಾದರೂ ಕರೆಯಿರಿ. ರಸ್ತೆಯಲ್ಲಿ ಓಡುವುದಾದರೆ ಬಲಬದಿಗೆ, ಎದುರಿನ ಗಾಡಿ ಕಾಣುವಂತೆ. ಕತ್ತಲಲ್ಲಿ ಒಬ್ಬರೇ ಹೋಗಬೇಡಿ.

ಈ ವರ್ಷದ ಕ್ರೀಡಾಕೂಟ

ಈ ವರ್ಷ ಅವಳು ಹತ್ತನೇ ಇಯತ್ತೆ. ತಾಲೂಕು ಕ್ರೀಡಾಕೂಟದ ದಿನ ತಾಯಿಯೂ ಬಂದು ಬೇಲಿಯ ಹತ್ತಿರ ನಿಂತಿದ್ದರು. ಬಂದೂಕು ಹಾರಿದ ಕೂಡಲೇ ಎಲ್ಲರೂ ನುಗ್ಗಿದರು. ನಮ್ಮವಳು ಮೊದಲ ಸುತ್ತಿನಲ್ಲಿ ಕೊನೆಯಿಂದ ಎರಡನೆಯವಳು. ನಾನು ಉಗುರು ಕಚ್ಚುತ್ತಿದ್ದೆ. ನಾಲ್ಕನೇ ಸುತ್ತಿನಿಂದ ಮುಂದಿನವರು ಒಬ್ಬೊಬ್ಬರಾಗಿ ಸಡಿಲಾದರು. ಇವಳ ಹೆಜ್ಜೆ ಮಾತ್ರ ಮೊದಲಿನಂತೆಯೇ ಇತ್ತು. ಮೂರನೆಯವಳಾಗಿ ಮುಗಿಸಿದಳು, 12 ನಿಮಿಷ 50 ಸೆಕೆಂಡು. ಒಂದು ವರ್ಷದಲ್ಲಿ 1 ನಿಮಿಷ 20 ಸೆಕೆಂಡು ಕಡಿಮೆ.

ಜಿಲ್ಲೆಗೆ ಆಯ್ಕೆ ಆಗಲಿಲ್ಲ. ಅದಕ್ಕೆ ಮುಖ ಸಣ್ಣ ಮಾಡಿಕೊಂಡು ಕುಳಿತಿದ್ದಾಗ ಅವಳ ತಾಯಿ ಬಂದು ಮೊದಲು ಕೇಳಿದ್ದು, “ಕಾಲ್ ನೋವ್ ಐತೇನ?” ಅಂತ. ಇಲ್ಲ ಅಂದಳು. “ಹಂಗಾರ ನಾಡದಿಂದ ಮತ್ತ ಓಡು” ಅಂದರು.

ಈಗ ಬೆಳಿಗ್ಗೆ ಐದೂವರೆಗೆ ನಮ್ಮೂರಿನ ಮಣ್ಣಿನ ದಾರಿಯಲ್ಲಿ ಇಬ್ಬರು ಓಡುತ್ತಾರೆ. ಮುಂದೆ ತಂಗಿ, ಹಿಂದೆ ಅಣ್ಣ. ಅವನ ಭರತಿಯ ತಾರೀಖು ಇನ್ನೂ ಬಂದಿಲ್ಲ. ಹತ್ತೊಂಬತ್ತರ ಮಗ್ಗಿಯಲ್ಲಿ ಅವನು ಇನ್ನೂ ಎಡವುತ್ತಾನೆ.

ಮಾಡಿ ನೋಡಿ

1. ಬೆಳಿಗ್ಗೆ ಎದ್ದ ಕೂಡಲೇ, ಹಾಸಿಗೆಯಲ್ಲಿ ಇರುವಾಗಲೇ, ಮಣಿಕಟ್ಟಿನ ನಾಡಿಯನ್ನು ಒಂದು ನಿಮಿಷ ಎಣಿಸಿ ವಹಿಯಲ್ಲಿ ಬರೆಯಿರಿ. ಏಳು ದಿನ ಎಣಿಸಿ ಸರಾಸರಿ ತೆಗೆಯಿರಿ. ಎರಡು ತಿಂಗಳು ಹಗುರವಾಗಿ ಓಡಿದ ಮೇಲೆ ಮತ್ತೆ ಏಳು ದಿನ ಎಣಿಸಿ. ಎರಡೂ ಸರಾಸರಿಗಳನ್ನು ಹೋಲಿಸಿ. ಯಾವುದಾದರೂ ದಿನ ನಾಡಿ ಬಹಳ ಏರಿದ್ದರೆ ಆ ದಿನ ವಿಶ್ರಾಂತಿ ತೆಗೆದುಕೊಳ್ಳಿ.

2. ಮೈದಾನದಲ್ಲಿ 200 ಮೀಟರ್ ಗುರುತು ಮಾಡಿ. ಮೊದಲು ನಡೆಯಿರಿ, ಆಮೇಲೆ ಹಗುರ ಓಟ, ಆಮೇಲೆ ತುಸು ಜೋರು. ಪ್ರತಿ ಸಲ ಮಗ್ಗಿ ಹೇಳುತ್ತ ಹೋಗಿ. ಯಾವ ವೇಗದಲ್ಲಿ ಮಗ್ಗಿ ತುಂಡಾಯಿತು? ಸೆಕೆಂಡಿನಲ್ಲಿ ಬರೆಯಿರಿ. ತಿಂಗಳಿಗೊಮ್ಮೆ ಇದೇ ಪ್ರಯೋಗ ಮಾಡಿ. ಮಗ್ಗಿ ತುಂಡಾಗುವ ವೇಗ ಏರುತ್ತ ಹೋದರೆ ನಿಮ್ಮ ಎರಡನೇ ಒಲೆ ದೊಡ್ಡದಾಗುತ್ತಿದೆ ಎಂದು ತಿಳಿಯಿರಿ.

ಅಸ್ತಮಾ, ಹೃದಯದ ತೊಂದರೆ ಅಥವಾ ಬೇರೆ ಕಾಯಿಲೆ ಇದ್ದವರು ಡಾಕ್ಟರನ್ನು ಕೇಳಿಯೇ ಶುರು ಮಾಡಿ. ಉಳಿದವರು ನಾಳೆ ಬೆಳಿಗ್ಗೆ ಶುರು ಮಾಡಬಹುದು. ಮೊದಲು ಮಗ್ಗಿ ನೆನಪು ಮಾಡಿಕೊಳ್ಳಿ.